ಭರಣಿಯ ಮೇಲಿನ ಕಲ್ಲು

ಹಸು ಇಲ್ಲದ ಮನೆಯಲ್ಲಿ ದಿನಾ ಹಾಲು ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ, ಅತ್ತೆ ಅವರನ್ನು ಸೀದಾ ಅಡುಗೆಮನೆಗೆ ಕರೆದೊಯ್ದು ಮೂಲೆಯ ಬೀಸುಕಲ್ಲನ್ನು ತೋರಿಸುತ್ತಿದ್ದರು. "ಇದೇ ನಮ್ಮ ಹಸು. ಒದೆಯಲ್ಲ, ಹಾಯಲ್ಲ, ಮೇವು ಅಂತ ಕೂಗಾಡಲ್ಲ." ಸಂಜೆ ನೆನೆಹಾಕಿದ ಸೋಯಾ ಕಾಳು ಬೆಳಗಾಗುವಷ್ಟರಲ್ಲಿ ಎರಡರಷ್ಟು ಉಬ್ಬಿರುತ್ತಿತ್ತು. ಅದನ್ನು ನೀರಿನ ಜೊತೆ ಕಲ್ಲಿನ ಬಾಯಿಗೆ ಹಾಕಿ ತಿರುಗಿಸಿದರೆ ಅಂಚಿನಿಂದ ಬೆಳ್ಳಗೆ ಇಳಿಯುತ್ತಿತ್ತು. ಬಟ್ಟೆಯಲ್ಲಿ ಹಿಂಡಿ ಒಲೆಗಿಟ್ಟರೆ ಹಾಲು, ಬಟ್ಟೆಯಲ್ಲಿ ಉಳಿದದ್ದು ಕೋಳಿಗಳಿಗೆ.

ಆ ಮನೆಗೆ ಸೊಸೆಯಾಗಿ ಬಂದವಳು ಬಂದ ಹೊಸದರಲ್ಲೇ ಎರಡು ಪಾಠ ಕಲಿತಿದ್ದಳು. ಮೊದಲ ಉಕ್ಕನ್ನು ನಂಬಬಾರದು ಎನ್ನುವುದು ಒಂದು. ಸೋಯಾ ಹಾಲು ಕುದಿಯುವ ಮುಂಚೆಯೇ ಕುದಿದಂತೆ ನಾಟಕ ಆಡುತ್ತದೆ. ನೊರೆ ಭರ್ರನೆ ಎದ್ದು ಪಾತ್ರೆಯ ಕಂಠಕ್ಕೆ ಬರುತ್ತದೆ. ಆಗಲೇ ಇಳಿಸಿದರೆ ಹಸಿ ವಾಸನೆ ಉಳಿಯುತ್ತದೆ, ಕುಡಿದವರ ಹೊಟ್ಟೆಯೂ ಕೆಡುತ್ತದೆ. ಉರಿ ತಗ್ಗಿಸಿ, ನೊರೆ ಇಳಿದ ಮೇಲೂ ಸೌಟು ಆಡಿಸುತ್ತಾ ನಿಂತೇ ಇರಬೇಕು. ಇನ್ನೊಂದು ಪಾಠ ಕಲ್ಲಿನದು.

ಉಗ್ರಾಣದಲ್ಲಿ ಒಂದೇ ಅಚ್ಚಿನ ಎರಡು ಕಂದು ಭರಣಿಗಳಿದ್ದವು. ಒಂದರ ಮುಚ್ಚಳದ ಮೇಲೆ ಮೊಟ್ಟೆ ಗಾತ್ರದ ನುಣುಪಾದ ಹೊಳೆಗಲ್ಲು. "ಕಲ್ಲಿದ್ರೆ ಬೀಜ, ಇಲ್ದಿದ್ರೆ ಹಾಲು," ಎಂದಿದ್ದರು ಅತ್ತೆ. "ಕಣ್ಣು ಮುಚ್ಕೊಂಡು ಹೋದ್ರೂ ಕೈಗೆ ಗೊತ್ತಾಗ್ಬೇಕು." ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ದೀಪ ಹಾಕಿಸೋಣ ಎಂದು ಮಗ ಪ್ರತಿ ವರ್ಷ ಹೇಳುತ್ತಿದ್ದ. ಊರಿನ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ಸ್ವಂತ ಮನೆಗೆ ಒಂದು ಬಲ್ಬು ಹಾಕಲು ಮಾತ್ರ ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಬೀಜದ ಭರಣಿಯ ಗತ್ತೇ ಬೇರೆ. ಚಳಿಗಾಲದಲ್ಲಿ ಮೂವರೂ ಒಲೆಯ ಸುತ್ತ ಕೂತು ಮೊರದಲ್ಲಿ ಕಾಳು ಆರಿಸುತ್ತಿದ್ದರು. ಗುಂಡಗೆ, ತುಂಬಿಕೊಂಡು, ಹೊಳೆಯುವ ಕಾಳೆಲ್ಲ ಬೀಜಕ್ಕೆ. ಸುಕ್ಕಾದದ್ದು, ಒಡೆದದ್ದು, ಹುಳ ಮುಟ್ಟಿದ್ದು ಹಾಲಿಗೆ. ಮಣ್ಣಿಗೆ ಮೊದಲ ಪಂಕ್ತಿ, ನಮಗೆ ಎರಡನೆಯದು ಎನ್ನುವುದು ಅತ್ತೆಯ ಕಾನೂನು. ಅದಕ್ಕೆ ಕಾರಣವೂ ಇತ್ತು. ಆ ಕಾಳಿನ ಮೈ ತಿಳಿ ಹಳದಿ, ಕಣ್ಣಿನ ಮೇಲೆ ಮಾತ್ರ ಕಂದು ಬಣ್ಣದ ಸಣ್ಣ ಗೆರೆ, ಯಾರೋ ಹುಬ್ಬು ತೀಡಿದ ಹಾಗೆ. ಅಂಗಡಿಯಲ್ಲಿ ಸಿಗುವ ಬೀಜಕ್ಕೆ ಹುಬ್ಬಿಲ್ಲ. ಅತ್ತೆ ಮದುವೆಯಾಗಿ ಬರುವಾಗ ಉಣ್ಣೆಯ ಕಾಲುಚೀಲದಲ್ಲಿ ತುಂಬಿಕೊಂಡು ತಂದ ತವರಿನ ತಳಿ ಅದು. ತವರಲ್ಲಿ ಈಗ ಬೇಸಾಯವೇ ಇಲ್ಲ. ಭೂಮಿಯ ಮೇಲೆ ಆ ಹುಬ್ಬು ಉಳಿದಿದ್ದರೆ ಆ ಭರಣಿಯಲ್ಲೇ.

ಚಳಿ ಬಿಡುತ್ತಾ ಬಂದ ದಿನಗಳವು. ಬೆಳಗಿನ ಮಂಜು ಹಿತ್ತಲಿನ ಬೇಲಿ ದಾಟಿ ಬಾಗಿಲವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತಿರುತ್ತಿತ್ತು. ಬೋಳು ಮರಗಳ ತುದಿಯಲ್ಲಿ ಕೆಂಪು ಮೊಗ್ಗು ಕಂಡೂ ಕಾಣದ ಹಾಗಿತ್ತು. ಕೋಳಿಗಳು ಮತ್ತೆ ಮೊಟ್ಟೆ ಇಡಲು ಶುರು ಮಾಡಿದ್ದವು. ಮಣ್ಣು ಮಾತ್ರ ಇನ್ನೂ ತಣ್ಣಗಿತ್ತು, ಕೈ ಇಟ್ಟರೆ ಬೆರಳು ಜೋಮು ಹಿಡಿಯುವಷ್ಟು.

ಅಂಥ ಒಂದು ಬೆಳಿಗ್ಗೆ ಸೊಸೆ ನೆನೆಹಾಕಿದ ಪಾತ್ರೆಯ ತಟ್ಟೆ ಸರಿಸಿದಳು. ನಿದ್ದೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನೀರಿನ ಮೇಲೆ ಸಿಪ್ಪೆ ತೇಲುತ್ತಿರಲಿಲ್ಲ. ನೀರು ತಿಳಿಯಾಗಿತ್ತು, ಅದರಡಿ ಕಾಳುಗಳು ಒಂದೇ ಅಳತೆಯಲ್ಲಿ, ಬಸಿರಿಯ ಮೈಯ ಹಾಗೆ ತುಂಬಿಕೊಂಡು, ಮಂದ ಬೆಳಕಿನಲ್ಲಿ ತಾವೇ ಬೆಳಗುತ್ತಿದ್ದವು. ಎಷ್ಟು ಚೆಂದ ಎಂದುಕೊಂಡು ಅವಳು ಒಂದಷ್ಟು ಹೊತ್ತು ಸುಮ್ಮನೆ ನೋಡಿದಳು. ಅಷ್ಟೂ ಕಾಳುಗಳು ಹುಬ್ಬೇರಿಸಿ ಅವಳನ್ನು ನೋಡಿದವು.

ಉಗ್ರಾಣಕ್ಕೆ ಓಡಿ ಎರಡೂ ಭರಣಿಗಳಿಗೆ ಕೈ ಹಾಕಿದಳು. ಹಾಲಿನ ಕಾಳು ಇದ್ದಲ್ಲೇ ಇತ್ತು. ಬೀಜದ ಭರಣಿಯ ತಳದಲ್ಲಿ ಅವಳ ಬೆರಳಿಗೆ ಸಿಕ್ಕಿದ್ದು ಧೂಳು. ಯಾವ ಮುಚ್ಚಳದ ಮೇಲೂ ಕಲ್ಲಿರಲಿಲ್ಲ, ಎಲ್ಲೋ ಉರುಳಿಹೋಗಿರಬೇಕು. ನಿನ್ನೆ ಸಂಜೆ ಕೈಗೆ ಕಲ್ಲು ತಾಗಲಿಲ್ಲ, ಅವಳೂ ಬೇರೆ ಏನನ್ನೂ ನೋಡಲಿಲ್ಲ. ಪಕ್ಕದ ಮನೆಗೆ ನೆಂಟರು ಬರುವವರಿದ್ದರು, ಹಾಲು ಹೆಚ್ಚು ಬೇಕಿತ್ತು; ಭರಣಿಯನ್ನು ಬಗ್ಗಿಸಿ ಪೂರ್ತಿ ಸುರಿದಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ದೊಣ್ಣೆ ತನ್ನ ಕೈಯಲ್ಲೇ ಇತ್ತು ಎಂದು ಅವಳಿಗೆ ಹೊಳೆಯಿತು.

ಅತ್ತೆ ಒಲೆಯ ಪಕ್ಕದ ಕುರ್ಚಿಯಲ್ಲಿ, ತೀರಿಹೋದ ಮಾವನ ದಪ್ಪ ಕೋಟು ಹೊದ್ದು ಕೂತಿದ್ದರು. ಚಳಿಗಾಲ ಪೂರ್ತಿ ಆ ಕೋಟು ಅವರ ಮೈಬಿಟ್ಟು ಇಳಿಯುತ್ತಿರಲಿಲ್ಲ. ಸೊಸೆ ಪಾತ್ರೆಯನ್ನು ಅವರ ಮುಂದಿಟ್ಟು ಅಲ್ಲೇ ಕೂತಳು.

"ಅತ್ತೆ, ಬೀಜ ನೆನೆಹಾಕ್ಬಿಟ್ಟೆ."

ಅತ್ತೆ ಬಗ್ಗಿ ನೋಡಿದರು. ಅವರ ಮುಖದಲ್ಲಿ ಮೊದಲು ಸಿಟ್ಟಿರಲಿಲ್ಲ, ಇನ್ನೇನೋ ಇತ್ತು. ಸೊಸೆ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. "ಎಷ್ಟು ಹಾಕಿದೆ?" ಎಂದರು.

"ಎಲ್ಲಾನೂ."

ಆಗ ಅತ್ತೆಯ ಮುಖ ಬಿಳಿಚಿತು. "ಎಲ್ಲಾನೂನಾ? ದಿನಾ ಹಾಕೋದು ಒಂದ್ ಬಟ್ಟಲಲ್ವೇನೇ?" ನೀರಿಗೆ ಕೈ ಇಳಿಬಿಟ್ಟು ಕಾಳುಗಳನ್ನು ಸವರುತ್ತಾ ಕೂತರು. ಬೈದಿದ್ದರೆ ಸೊಸೆಗೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಕೊನೆಗೆ, "ನೆಂದ ಕಾಳು ಕಾಯಲ್ಲ ಮಗಳೇ. ಇವತ್ತು ರುಬ್ಬಬೇಕು, ಇಲ್ಲ ಬಿತ್ತಬೇಕು. ಹೊಲದಲ್ಲಿ ಈಗ ಬಿತ್ತಿದ್ರೆ ಚಳಿಗೆ ಕೊಳೆಯುತ್ತೆ," ಎಂದರು. ಸ್ವಲ್ಪ ತಡೆದು, ಬೇರೆಲ್ಲೋ ನೋಡುತ್ತಾ, "ಒಂದಿಷ್ಟು ರುಬ್ಬಿ ಹಾಲಾದ್ರೂ..." ಎಂದು ಶುರು ಮಾಡಿದರು.

"ಬೇಡ ಅತ್ತೆ!" ಸೊಸೆ ಎದ್ದು ನಿಂತಿದ್ದಳು. "ಮನೆ ಒಳಗೆ ಬಿತ್ತೋಣ. ಒಲೆ ಕಾವಿದೆ, ಕಿಟಕೀಲಿ ಬಿಸಿಲಿದೆ. ಸಸಿ ಮಾಡಿ ಆಮೇಲೆ ಹೊಲದಲ್ಲಿ ನೆಡೋಣ. ಒಂದ್ ಕಾಳನ್ನೂ ಹಾಳು ಮಾಡಲ್ಲ. ನಿಮ್ಮಾಣೆ."

ಅತ್ತೆ ತೆರೆದ ಬಾಯನ್ನು ಮುಚ್ಚಿದರು. "ಸರಿ ಬಿಡು," ಎಂದರು.

ಆ ದಿನ ಮನೆ ಮನೆಯಾಗಿ ಉಳಿಯಲಿಲ್ಲ. ಮೊಟ್ಟೆಯ ಟ್ರೇ, ಚಹಾದ ಡಬ್ಬಿ, ಕಿವಿ ಮುರಿದ ಲೋಟ, ಬೇರಿಂಗ್ ಬಂದ ರಟ್ಟಿನ ಪೆಟ್ಟಿಗೆ, ಮಾವನ ಹಳೇ ಬೂಟು, ಎಲ್ಲಕ್ಕೂ ಮಣ್ಣು ತುಂಬಿತು. ಸೊಸೆ ಕೋಳಿಗೂಡಿನ ಹಿಂದಿನ ಕರಿಮಣ್ಣನ್ನು ಒಲೆಯ ಪಕ್ಕ ಬೆಚ್ಚಗೆ ಮಾಡಿ, ಬೆರಳಿಂದ ಗುಳಿ ಒತ್ತಿ, ಒಂದೊಂದೇ ಕಾಳು ಮಲಗಿಸಿದಳು.

ಹಾಲಿನ ಡಬ್ಬಿ ಹಿಡಿದು ಬಂದ ಪಕ್ಕದ ಮನೆಯ ದರ್ಜಿ ಹೆಂಗಸು ಬಾಗಿಲಲ್ಲೇ ನಿಂತಳು. ಊರಲ್ಲಿ ಅವಳನ್ನು ರೇಡಿಯೊ ಎಂದು ಕರೆಯುತ್ತಾರೆ, ಆಫ್ ಮಾಡುವ ಗುಂಡಿ ಇಲ್ಲದ ರೇಡಿಯೊ. ಅವಳು ಹಾಲಿನ ಬದಲಿಗೆ ಈ ಮನೆಯ ಹರಿದ ಬಟ್ಟೆಗಳನ್ನೆಲ್ಲ ಹೊಲಿದುಕೊಡುತ್ತಿದ್ದಳು.

"ನೆಂಟರು ಬಂದು ಕೂತವ್ರೆ, ಹಾಲೆಲ್ಲಿ?" ಎಂದಳು.

"ಇವತ್ತು ಹಾಲಿಲ್ಲ ಅಕ್ಕ. ಬೀಜ ನೆನೆಸ್ಬಿಟ್ಟೆ."

ರೇಡಿಯೊ ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಅತ್ತೆಯ ಕಡೆ ತಿರುಗಿ, "ದೊಡ್ಡಮ್ಮ, ನನ್ ಕೈಲಿ ಹೀಗಾಗಿದ್ರೆ ನೀವು ಇಷ್ಟೊತ್ತಿಗೆ ಊರೇ ಎಬ್ಬಿಸ್ತಿದ್ರಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಬಿಡಿ!" ಎಂದು ನಕ್ಕಳು. ಅತ್ತೆ ನಗಲಿಲ್ಲ. ನೆಂಟರನ್ನು ಮರೆತ ರೇಡಿಯೊ ಮಧ್ಯಾಹ್ನದವರೆಗೆ ಕೂತು ಮಣ್ಣು ತುಂಬಿಕೊಟ್ಟಳು. ಹೊಲಿಗೆ ಕೋಣೆಯ ಕಿಟಕಿಗೆ ಬಿಸಿಲು ಚೆನ್ನಾಗಿ ಬರುತ್ತದೆಂದು ಎರಡು ಟ್ರೇ ಹೊತ್ತುಕೊಂಡೂ ಹೋದಳು. ಸಂಜೆಯೊಳಗೆ ಸುದ್ದಿ ಊರಿಗೆಲ್ಲ ಮುಟ್ಟಿತ್ತು. ಆದರೆ ಸುದ್ದಿ ಕೇಳಿದವರೆಲ್ಲ ಒಂದೊಂದು ಖಾಲಿ ಡಬ್ಬಿ ತಂದುಕೊಟ್ಟರು. ಮಾತಾಳಿಯನ್ನು ಬೈಯುವ ಮುಂಚೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಷ್ಟಾದರೂ ಒಂದು ಬೋಗುಣಿ ಕಾಳು ಉಳಿಯಿತು. ಇಡಲು ಡಬ್ಬಿಯೂ ಇಲ್ಲ, ಜಾಗವೂ ಇಲ್ಲ. ಸೊಸೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಲೆಯ ಮಗ್ಗುಲಿಗಿಟ್ಟಳು. ಗಂಡ ಶೆಡ್ಡಿನಿಂದ ಹಳೇ ಆಯಿಲ್ ಡಬ್ಬಿಗಳನ್ನು ತೊಳೆದು ತರುತ್ತೇನೆ ಎಂದ. ನಾಳೆ ಎಂದ. ಅವನ ನಾಳೆಗಳ ಬಗ್ಗೆ ಉಗ್ರಾಣದ ಬಲ್ಬನ್ನು ಕೇಳಬೇಕು.

ಆಮೇಲಿನ ದಿನಗಳು ಅರ್ಧ ನಿದ್ದೆಯಲ್ಲಿ ಕಳೆದಂತೆ ಕಳೆದವು. ಮನೆಯೆಲ್ಲ ಒದ್ದೆ ಮಣ್ಣಿನ ವಾಸನೆ. ಮೆಟ್ಟಿಲ ಮೇಲೆ, ಕಪಾಟಿನ ಮೇಲೆ, ಮಂಚದ ಕೆಳಗೆ ಕಾಳುಗಳು ಮಲಗಿದ್ದವು. ಮನೆಯವರು ಮಗು ಮಲಗಿರುವ ಕೋಣೆಯಲ್ಲಿ ಓಡಾಡುವಂತೆ ಮೆಲ್ಲಗೆ ಓಡಾಡಿದರು. ಮಂಜು ಬರುತ್ತಿತ್ತು, ಬಿಸಿಲಾಗಿ ಬದಲಾಗಿ ಕಿಟಕಿಯಲ್ಲಿ ನಿಲ್ಲುತ್ತಿತ್ತು. ಗೋಡೆಗಳೂ ಉಸಿರಾಡುತ್ತಿವೆ ಎಂದು ಸೊಸೆಗೆ ಅನಿಸುತ್ತಿತ್ತು. ದಿನದ ಹಾಲು ಮತ್ತೆ ಶುರುವಾಯಿತು, ಸುಕ್ಕು ಕಾಳಿನದು. ಅತ್ತೆ ಕುರ್ಚಿಯನ್ನು ಒಲೆಯಿಂದ ತಿರುಗಿಸಿ ಟ್ರೇಗಳ ಕಡೆ ಮುಖ ಮಾಡಿ ಕೂತು, ಹಾಲು ಕುಡಿಯುತ್ತಾ ಮಣ್ಣನ್ನೇ ನೋಡುತ್ತಿದ್ದರು. ಸೊಸೆಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಮಣ್ಣು ಬಿರುಕು ಬಿಡುವುದನ್ನೇ ಕಾಯುತ್ತಾ, ಬಿಡದಿದ್ದರೆ ಏನು ಗತಿ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು.

ಮೊದಲು ಬಿರುಕು ಬಿಟ್ಟದ್ದು ಬೂಟಿನ ಮಣ್ಣು. ಬಿಳಿ ಕತ್ತು ಬಗ್ಗಿಸಿಕೊಂಡು, ಹೊರೆ ಹೊತ್ತವರ ಹಾಗೆ ಎರಡು ಬೇಳೆಗಳನ್ನು ಎತ್ತಿಕೊಂಡು ಒಂದು ಮೊಳಕೆ ಎದ್ದಿತ್ತು. ಅದರ ಪಕ್ಕ ಇನ್ನೊಂದು. ಚಹಾದ ಡಬ್ಬಿಯಲ್ಲೂ. ಬೆಳ್ಳಂಬೆಳಗ್ಗೆ ಅದನ್ನು ಕಂಡ ಸೊಸೆ ಸದ್ದಿಲ್ಲದೆ ಅತ್ತುಬಿಟ್ಟಳು. ಹುಬ್ಬು ಉಳಿಯಿತು. ಹೊರಗೆ ಬಿಸಿಲು ಬರುವ ಸೂಚನೆಯಿತ್ತು. ಇವತ್ತು ಕೋಟು ಒಗೆದರೆ ಒಣಗುತ್ತದೆ ಎಂದು, ಆ ಖುಷಿಯಲ್ಲೇ, ಚಳಿ ಕಡಿಮೆಯಾದ ಮೇಲೆ ಅತ್ತೆ ಗೂಟಕ್ಕೆ ತೂಗುಹಾಕಿದ್ದ ಮಾವನ ಕೋಟನ್ನು ತೆಗೆದಳು. ಒಂದು ಮಗ್ಗುಲು ಭಾರವಾಗಿ ಜೋತಿತ್ತು. ಜೇಬಿಗೆ ಕೈ ಹಾಕಿದಳು. ನುಣುಪಾದದ್ದೇನೋ ಸಿಕ್ಕಿತು. ಕಣ್ಣು ಮುಚ್ಚಿಕೊಂಡರೂ ಕೈಗೆ ಗೊತ್ತಾಗುವಂಥದ್ದು.

ಸಿಟ್ಟು ಭರ್ರನೆ ಎದ್ದಿತು. ತಾನು ಕಳ್ಳಿಯ ಹಾಗೆ ತಲೆ ತಗ್ಗಿಸಿಕೊಂಡು ಓಡಾಡಿದ್ದು, ಊರೆಲ್ಲ ಅಯ್ಯೋ ಪಾಪ ಎಂದದ್ದು, ಇದೆಲ್ಲ ನೋಡುತ್ತಾ ಅತ್ತೆ ಹಾಲು ಹೀರಿಕೊಂಡು ಕೂತದ್ದು! ನೇರ ಹೋಗಿ ಮುಖದ ಮೇಲೇ ಕೇಳಬೇಕು ಎಂದುಕೊಂಡಳು. ಹೋಗಲಿಲ್ಲ. ಕೋಟು ಹಿಡಿದು ನಿಂತೇ ಇದ್ದಳು. ನಿಂತಷ್ಟು ಹೊತ್ತು ಬೇರೆ ಬೇರೆ ಮಾತು ನೆನಪಾದವು. ದಿನಾ ಹಾಕೋದು ಒಂದ್ ಬಟ್ಟಲಲ್ವೇನೇ ಎಂದದ್ದು. ಒಂದಿಷ್ಟು ರುಬ್ಬಿ ಹಾಲಾದ್ರೂ ಎಂದು ನಿಲ್ಲಿಸಿದ್ದು. ಸಿಟ್ಟು ಇಳಿಯಿತು. ಇಳಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ.

ಒಲೆಯ ಪಕ್ಕ ಹೋಗಿ ಕಲ್ಲನ್ನು ಅತ್ತೆಯ ಮುಂದಿನ ಮೇಜಿನ ಮೇಲಿಟ್ಟಳು. "ಮಾವನ ಜೇಬಲ್ಲಿತ್ತು."

ಅತ್ತೆ ಕಲ್ಲನ್ನು ನೋಡಿದರು, ಮುಟ್ಟಲಿಲ್ಲ. "ನಾನೇ ಇಟ್ಟಿದ್ದು."

"ಯಾಕೆ ಹೀಗ್ ಮಾಡಿದ್ರಿ? ಇಷ್ಟ್ ದಿನ ನಂಗೆ ಒಂದ್ ತುತ್ತು ಇಳೀಲಿಲ್ಲ ಗೊತ್ತಾ?"

"ಗೊತ್ತು. ನೋಡ್ತಾನೇ ಇದ್ದೆ. ಹೇಳೋಕೆ ಬಾಯಿ ಬರ್ಲಿಲ್ಲ, ತಪ್ಪಾಯ್ತು." ಅತ್ತೆಯ ದನಿ ಸಣ್ಣದಾಗಿತ್ತು. "ನಿಮ್ ಮಾವ ಇದ್ದ ಕೊನೇ ಚಳಿಗಾಲ. ನೀನಿನ್ನೂ ಬಂದಿರ್ಲಿಲ್ಲ. ಹೀಗೇ ಇಲ್ಲೇ ಕೂತು ಕಾಳು ಆರಿಸ್ತಿದ್ವಿ. ಒಂದ್ ಹಿಡಿ ಒಳ್ಳೇದನ್ನ ಎತ್ಕೊಂಡು, ‘ಲೇ, ಇದರದ್ದು ಒಂದೇ ಒಂದ್ ಲೋಟ ಹಾಲು ಕಾಸ್ಕೊಡೇ, ಜೀವಮಾನ ಆರಿಸಿದ್ದಾಯ್ತು, ರುಚಿ ಹೇಗಿದೆ ಅಂತ್ಲೇ ಗೊತ್ತಿಲ್ಲ’ ಅಂದ್ರು. ನಾನು ಕೈಯಿಂದ ಕಿತ್ಕೊಂಡೆ. ಬೀಜ ಕುಡಿದ್ರೆ ಮುಂದಿನ ವರ್ಷ ಏನ್ ಬಿತ್ತೀರಿ ಅಂತ ಬೈದೆ. ಅವರು ನಕ್ಕು ಸುಮ್ಮನಾದ್ರು. ಆ ಮುಂದಿನ ವರ್ಷ ಅವರಿಗೆ ಬರ್ಲೇ ಇಲ್ಲ ಕಣೇ."

ಒಲೆಯಲ್ಲಿ ಕೊಳ್ಳಿಯೊಂದು ಮುರಿದು ಬಿತ್ತು. ಅತ್ತೆ ಅದನ್ನೇ ನೋಡುತ್ತಾ ಮುಂದುವರಿಸಿದರು.

"ಏನನ್ನ ಇಲ್ಲ ಅಂದೆ ಅಂತ ಒಂದ್ಸಲ ತಿಳ್ಕೋಬೇಕು ಅನ್ನಿಸ್ತಿತ್ತು. ಅಷ್ಟೇ. ಆದ್ರೆ ಇಷ್ಟ್ ವರ್ಷ ಕಾವಲು ಕೂತವಳು ನಾನು. ಬೇಲೀನೇ ಎದ್ದು ಹೊಲ ಮೇಯ್ದ ಹಾಗೆ, ಈಗ ನಂಗೇ ಬೇಕು ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ? ಕಲ್ಲು ತೆಗೆದಿಟ್ರೆ ಕೈತಪ್ಪಿ ನೀನೇ ಒಂದ್ ಬಟ್ಟಲು ನೆನೆಹಾಕ್ತೀಯ, ನೆಂದ ಮೇಲೆ ರುಬ್ಬದೆ ಇರ್ತೀಯಾ ಅನ್ಕೊಂಡೆ. ನೀನು ನೋಡಿದ್ರೆ ಭರಣೀನೇ ಸುರಿದೆ. ಆಮೇಲೆ ಒಂದ್ ಕಾಳೂ ಹಾಳು ಮಾಡಲ್ಲ ಅಂತ ಆಣೆ ಇಟ್ಟೆ."

ತಾನೊಂದು ಬಗೆದರೆ ದೈವ ಇನ್ನೊಂದು ಬಗೆಯುತ್ತದೆ. ಇಲ್ಲಿ ದೈವದ ಕೆಲಸವನ್ನು ಸೊಸೆಯೇ ವಹಿಸಿಕೊಂಡಿದ್ದಳು. ಅತ್ತೆಯ ಕಾನೂನನ್ನು ಅತ್ತೆಗಿಂತ ಚೆನ್ನಾಗಿ ಕಲಿತ ಸೊಸೆ. ಅವಳಿಗೆ ನಗು ಬಂತು.

ಒಲೆಯ ಮಗ್ಗುಲಲ್ಲಿ ಒದ್ದೆ ಬಟ್ಟೆಯ ಗಂಟಿತ್ತು. ಗಂಡನ ನಾಳೆ ಇನ್ನೂ ಬಂದಿರಲಿಲ್ಲ. ಬಿಚ್ಚಿ ನೋಡಿದಳು. ಪ್ರತಿ ಕಾಳಿಗೂ ಬಿಳಿ ಬಾಲ ಬಂದಿತ್ತು. ಒಂದೊಂದೂ ಒಂದೊಂದು ಗಿಡ, ಒಂದೊಂದು ಗಿಡವೂ ಬರುವ ವರ್ಷದ ಬೊಗಸೆ ಕಾಳು. ಅವಳು ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಗಂಟನ್ನು ಬೀಸುಕಲ್ಲಿನ ಹತ್ತಿರ ತಂದಳು.

"ಬೇಡ ಕಣೇ," ಅತ್ತೆ ಎದ್ದೇಬಿಟ್ಟರು. "ಅದು ಬೀಜ."

"ಮಣ್ಣು ಮೊದಲ ಪಂಕ್ತೀಲಿ ಕೂತು ಉಂಡಾಯ್ತು ಅತ್ತೆ. ನೀವು ಕೂತ್ಕೊಳ್ಳಿ."

ಕಲ್ಲು ತಿರುಗಿತು. ಮಂಜು ಬಾಗಿಲ ಬಳಿ ನಿಂತು ನೋಡುತ್ತಿತ್ತು. ಹಿಂಡಿದ ಹಾಲು ದಿನದ್ದಕ್ಕಿಂತ ಮಂದವಾಗಿತ್ತು. ಒಲೆಯ ಮೇಲೆ ಮೊದಲ ಉಕ್ಕು ಬಂತು, ಅವಳು ನಂಬಲಿಲ್ಲ. ಉರಿ ತಗ್ಗಿಸಿ ಸೌಟು ಆಡಿಸುತ್ತಾ ನಿಂತಳು. ಹಸಿ ವಾಸನೆ ಹೋಗಿ ಅಡುಗೆಮನೆಯಲ್ಲಿ ಏನೋ ಸಿಹಿ ಸಿಹಿ ಹಬ್ಬಿತು. ಆ ಆವಿಯಲ್ಲಿ ಕುರ್ಚಿ, ಕಿಟಕಿ, ಮೊಳಕೆ ಹೊತ್ತ ಬೂಟು ಎಲ್ಲವೂ ದೂರದ್ದೆಂಬಂತೆ ಮಸುಕಾದವು.

ಸಿಕ್ಕಿದ್ದು ಮೂರು ಲೋಟದಷ್ಟು. ಅತ್ತೆ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ. ಆಮೇಲೆ, "ನೀನೂ ಕುಡಿ. ಹೇಗಿದೆ ಹೇಳು," ಎಂದರು.

ಸೊಸೆ ಕುಡಿದಳು. ಅವಳು ಆ ಮನೆಯಲ್ಲಿ ದಿನಾ ಕುಡಿಯುತ್ತಾ ಬಂದದ್ದು ಹಾಲಲ್ಲ, ಹಾಲಿನ ನೆರಳು ಎಂದು ಆ ಒಂದು ಗುಟುಕಿನಲ್ಲಿ ತಿಳಿಯಿತು. ಸಕ್ಕರೆ ಹಾಕದ ಸಿಹಿ, ನಾಲಿಗೆಯಿಂದ ಇಳಿದ ಮೇಲೂ ಹೋಗದೆ ನಿಲ್ಲುವ ಸಿಹಿ. ತಲೆ ಎತ್ತಿದರೆ ಅತ್ತೆ ಅವಳನ್ನೇ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಇದ್ದದ್ದು ಭಯ.

"ದಿನದ್ದೇ ಥರ ಇದೆ ಅತ್ತೆ," ಎಂದಳು. "ಏನೂ ವ್ಯತ್ಯಾಸ ಇಲ್ಲ. ಸುಮ್ನೆ ಇಷ್ಟೆಲ್ಲ ಯೋಚ್ನೆ ಮಾಡಿದ್ರಿ."

ಅತ್ತೆ ಕೈ ಚಾಚಿ ಸೊಸೆಯ ಮೇಲ್ದುಟಿಗೆ ಅಂಟಿದ ನೊರೆಯನ್ನು ಹೆಬ್ಬೆರಳಿಂದ ಒರೆಸಿದರು. "ಸುಳ್ಳು ಹೇಳೋಕೂ ಬರಲ್ಲ ನಿಂಗೆ," ಎಂದರು. "ಚೆನ್ನಾಗಿದೆ ಕಣೇ. ಇಂಥಾದ್ದು ನಾನು ಕುಡಿದೇ ಇಲ್ಲ. ಕೊಡ್ಬೇಕಿತ್ತು ಅವರಿಗೆ. ಒಂದ್ ಲೋಟ. ಏನ್ ಕಡಿಮೆ ಆಗ್ತಿತ್ತು."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಅತ್ತೆ ಕಣ್ಣೊರೆಸಿಕೊಂಡು, ಕಲ್ಲನ್ನು ಎತ್ತಿ ಸೊಸೆಯ ಮಡಿಲಿಗೆ ಹಾಕಿದರು. "ಇನ್ಮೇಲೆ ಇದು ನಿನ್ ಹತ್ರ ಇರ್ಲಿ. ಯಾವ ಭರಣಿ ಮೇಲೆ ಇಡ್ತೀಯೋ ನೀನೇ ನೋಡ್ಕೋ." ಆಮೇಲೆ ಏನೋ ನೆನಪಾದವರಂತೆ ಒಳಕೋಣೆಯ ಕಡೆ ತಿರುಗಿದರು. "ಇನ್ನೂ ಬಿದ್ಕೊಂಡಿದಾನಾ ಅವನು? ಎಬ್ಬಿಸೇ. ಬಿಸಿ ಇರುವಾಗ್ಲೇ ಕುಡೀಲಿ."

ಮೆಕ್ಯಾನಿಕ್ ಕಣ್ಣುಜ್ಜಿಕೊಳ್ಳುತ್ತಾ, ಕೂದಲು ಕೆದರಿಕೊಂಡು ಬಂದು, ನಿಂತ ನಿಲುವಿನಲ್ಲೇ ಲೋಟ ಎತ್ತಿದ. ಹೆಂಡತಿಯ ಮಡಿಲಲ್ಲಿ ಕಲ್ಲಿದ್ದದ್ದನ್ನಾಗಲಿ, ತಾಯಿಯ ಕಣ್ಣು ಕೆಂಪಾಗಿದ್ದದ್ದನ್ನಾಗಲಿ ಅವನು ನೋಡಲಿಲ್ಲ. ಅರ್ಧ ಕುಡಿದವನು ಲೋಟ ಇಳಿಸಿ ಅದರೊಳಗೆ ಇಣುಕಿದ. ಮತ್ತೆ ಎತ್ತಿ ಒಂದೇ ಉಸಿರಿಗೆ ಮುಗಿಸಿದ.

"ಏನಿದು ಇವತ್ತು? ಇನ್ನೊಂದ್ ಲೋಟ ಇದ್ಯಾ?"

ಅತ್ತೆಯ ಕಿವಿಗೆ ಅದು ಥೇಟ್ ಅವನ ಅಪ್ಪನ ದನಿ. ಸೊಸೆ ಪಾತ್ರೆಯನ್ನು ಓರೆ ಮಾಡಿ ನೋಡಿದಳು. ತಳದಲ್ಲಿ ಕೆನೆಯ ಒಂದು ಎಳೆ ಬಿಟ್ಟರೆ ಏನೂ ಇರಲಿಲ್ಲ. ಇಲ್ಲ ಎನ್ನಲು ಅವಳು ಬಾಯಿ ತೆರೆದಳು.

"ಇದೆ ಕಣೋ," ಎಂದರು ಅತ್ತೆ. ಒಂದೇ ಗುಟುಕು ಕುಡಿದಿದ್ದ ತಮ್ಮ ಲೋಟವನ್ನು ಮಗನ ಲೋಟಕ್ಕೆ ಬಗ್ಗಿಸಿದರು. ಕೊನೆಯ ಹನಿ ಬೀಳುವವರೆಗೂ ಹಾಗೇ ಹಿಡಿದಿದ್ದರು.